ಮೇಲಿನ ಸಾಲಿನ ನಗು

ಚಾಮಯ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹದಿನಾರು ವರ್ಷ ಸೈಕಲ್ ತುಳಿದು ತಂತಿ ಹಂಚಿದ ಮೇಲೆ ಅವನಿಗೆ ಓದಲು ಬರುತ್ತಿದ್ದದ್ದು ವೆಂಕಟಸುಬ್ಬಯ್ಯನವರ ಮುಖ ಒಂದೇ. ತಂತಿ ಕಚೇರಿಯ ಕಟಕಟ ಯಂತ್ರದ ಮುಂದೆ ಕೂತು ಸುದ್ದಿ ಬರೆದುಕೊಳ್ಳುವವರು ಅವರು. ಸಾವಿನ ಸುದ್ದಿಯಾದರೆ ಕಣ್ಣೆತ್ತದೆ ಲಕೋಟೆಯನ್ನು ಮೇಜಿನ ಮೇಲೆ ಮೆಲ್ಲಗೆ ಸರಿಸುವರು. ಮದುವೆ, ಮಗು ಎಂದರೆ ಇಸ್ಪೀಟಿನ ಎಲೆಯಂತೆ ಎಸೆಯುವರು. ಚಾಮಯ್ಯ ಆ ಮುಖವನ್ನೇ ತನ್ನ ಮುಖಕ್ಕೆ ಇಳಿಸಿಕೊಂಡು ಹೊರಡುವನು. ನಜರ್‌ಬಾದಿನ ಬೀದಿಗಳಲ್ಲಿ ಜನ ಲಕೋಟೆಗಿಂತ ಮೊದಲು ಅವನನ್ನು ಓದುತ್ತಿದ್ದರು. ಅವನು ಗೇಟಿನಿಂದ ಜಗಲಿಗೆ ಬರುವ ಇಪ್ಪತ್ತು ಹೆಜ್ಜೆಗಳಲ್ಲಿ ಮನೆಯವರು ಗೋಡೆ ಹಿಡಿದುಕೊಳ್ಳುವರು, ಇಲ್ಲವೇ ಸಕ್ಕರೆ ಡಬ್ಬ ಹುಡುಕುವರು. ಬಾಯಿಬಿಟ್ಟು ಹೇಳುವ ಕೆಲಸವೇ ಇರಲಿಲ್ಲ.

ಇದು ಕೆಟ್ಟದ್ದು ಒಂದು ಸೋಮವಾರ. ಅವನ ಹೆಂಡತಿ ದೇವಿರಮ್ಮ ಕೊಳ್ಳೇಗಾಲದ ತವರಿನಲ್ಲಿ ದಿನ ತುಂಬಿ ಕೂತಿದ್ದಳು. ಮದುವೆಯಾಗಿ ಹನ್ನೊಂದು ವರ್ಷ. ಎರಡು ಮಕ್ಕಳು ಹುಟ್ಟುತ್ತಲೇ ತೀರಿಹೋಗಿದ್ದವು. ಇವನಿಗೆ ರಜೆ ಸಿಕ್ಕಿರಲಿಲ್ಲ. 'ಆದ ತಕ್ಷಣ ತಂತಿ ಹೊಡೀತೀನಿ ಭಾವ' ಎಂದಿದ್ದ ಅವಳ ತಮ್ಮ ಕೆಂಪಯ್ಯ. ಅದೇ ಯೋಚನೆಯಲ್ಲಿ ಮುಖ ಬಾಡಿಸಿಕೊಂಡು ಚಾಮಯ್ಯ ಬೆಟ್ಟಮ್ಮನ ಮನೆಗೆ ಹೋದ. ಬೆಟ್ಟಮ್ಮ ಅವನನ್ನು ಕಂಡವಳೇ ಎದೆ ಬಡಿದುಕೊಂಡಳು. ನೆರೆಯವರು ಹಂಡೆಗೆ ಉರಿ ಹಾಕಿದರು, ಒಬ್ಬರು ಬಿದಿರು ತರಲೂ ಹೋದರು. ಲಕೋಟೆ ಒಡೆದರೆ, ದಾವಣಗೆರೆಯ ಗಿರಣಿಯಲ್ಲಿ ಮಗನ ಕೆಲಸ ಕಾಯಂ ಆಗಿತ್ತು! ಅಷ್ಟು ಜನರ ಮುಂದೆ ಸುಮ್ಮಸುಮ್ಮನೆ ಅತ್ತ ನಾಚಿಕೆಗೆ ಬೆಟ್ಟಮ್ಮ ಇಲಾಖೆಗೆ ದೂರು ಬರೆಸಿದಳು.

ಮಂಗಳವಾರ ಬೆಳಿಗ್ಗೆಯೇ ಇನ್ಸ್‌ಪೆಕ್ಟರ್ ಸುಂದರೇಶ ಕಚೇರಿಗೆ ಬಂದಿಳಿದರು.

"ತಂತಿ ಅಂದ್ರೆ ಗುಟ್ಟು ಕಣಯ್ಯ. ಲಕೋಟೆ ಕೊಡೋಕ್ಮುಂಚೆ ನೀನು ಮುಖದಲ್ಲೇ ಬಯಲು ಮಾಡ್ತಿದ್ದೀಯ."

"ಮುಖ ನಂದಲ್ವ ಸ್ವಾಮಿ?"

"ಡ್ಯೂಟೀಲಿದ್ದಾಗ ಇಲಾಖೇದು!" ಇನ್ಸ್‌ಪೆಕ್ಟರ್ ಮೇಜು ಗುದ್ದಿದರು. "ಇವತ್ತಿಂದ ಎಲ್ರಿಗೂ ಒಂದೇ ನಗು. ಹುಟ್ಟಿದ್ರೂ ಅದೇ, ಸತ್ರೂ ಅದೇ. ವೆಂಕಟಸುಬ್ಬಯ್ಯನವರೇ, ನಿಮಗೂ ಸೇರಿಸೇ ಹೇಳ್ತಿರೋದು. ಮೇಲಿನ ಸಾಲು ಹಲ್ಲು ಮಾತ್ರ ಕಾಣ್ಬೇಕು. ಹೀಗೆ."

ತೋರಿಸಿಯೂ ಕೊಟ್ಟರು. ಚಾಮಯ್ಯ ಪ್ರಯತ್ನಪಟ್ಟ. ಒದ್ದೆ ಪಂಚೆಯನ್ನು ಎರಡು ಮೊಳೆಗೆ ಎಳೆದು ಕಟ್ಟಿದಂತಾಯಿತು ಮುಖ. "ಸಾಕು, ಹಂಗೇ ಇರ್ಲಿ" ಎಂದರು ಇನ್ಸ್‌ಪೆಕ್ಟರ್.

ವೆಂಕಟಸುಬ್ಬಯ್ಯ ಮೊದಲ ಲಕೋಟೆ ಕೊಟ್ಟರು. ಸರಿಸಲಿಲ್ಲ, ಎಸೆಯಲೂ ಇಲ್ಲ. ಮೇಲಿನ ಸಾಲು ತೋರಿಸಿ ಕೈಗಿಟ್ಟರು. ಒಳಗೇನಿದೆಯೋ ಚಾಮಯ್ಯನಿಗೆ ತಿಳಿಯಲಿಲ್ಲ. ಕುರುಡನ ಕೈಗೆ ದೀಪ ಕೊಟ್ಟ ಹಾಗೆ ಅದನ್ನು ಹಿಡಿದು ಹೊರಟ.

ನಿವೃತ್ತ ಅಮಲ್ದಾರ್ ಲಕ್ಷ್ಮೀನರಸಿಂಹಯ್ಯನವರ ಮನೆ. ಬೊಂಬಾಯಿಯಲ್ಲಿ ಅವರ ತಮ್ಮನಿಗೆ ಆಪರೇಷನ್ ಆಗಿತ್ತು. ಜಗಲಿಯಲ್ಲಿ ಶತಪಥ ತಿರುಗುತ್ತಿದ್ದವರು ಚಾಮಯ್ಯನನ್ನು ಕಂಡು ಕೂಗಿದರು:

"ರಮಾಮಣೀ! ನಗ್ತಾ ಬರ್ತಿದ್ದಾನೆ ಕಣೇ! ತಮ್ಮ ಉಳ್ಕೊಂಡ!"

ಹೆಂಡತಿ ರಮಾಮಣಿ ಓಡಿ ಬಂದು ಚಾಮಯ್ಯನ ಕೈಗೆ ಕಾಫಿ ಲೋಟ ಕೊಟ್ಟರು. ಅಮಲ್ದಾರರು ನಗುನಗುತ್ತ ರುಜು ಹಾಕಿ ಲಕೋಟೆ ಒಡೆದರು. ಓದಿದವರು ಜಗಲಿಯ ಕಂಬ ಹಿಡಿದುಕೊಂಡರು. ಒಳಗೆ ಒಗ್ಗರಣೆ ಸೀದು ಹೋಗುವ ವಾಸನೆ ಬಂತು. ಚಾಮಯ್ಯನ ಮುಖದಲ್ಲಿ ನಗು ಹಾಗೇ ಇತ್ತು. ಅದನ್ನು ಯಾವಾಗ ತೆಗೆಯಬೇಕೆಂದು ಯಾರೂ ಹೇಳಿರಲಿಲ್ಲ.

"ನಿಂಗೆ ಗೊತ್ತಿತ್ತೇನಯ್ಯ?" ಅಮಲ್ದಾರರು ಮೆಲ್ಲಗೆ ಕೇಳಿದರು.

"ಇಲ್ಲ ಬುದ್ಧೀ."

"ಮತ್ಯಾಕೆ ನಕ್ಕೆ?"

ಚಾಮಯ್ಯನ ಕೈಯಲ್ಲಿ ಕಾಫಿ ಇತ್ತು. ಕುಡಿಯುವಂತಿಲ್ಲ, ಇಡಲು ಜಾಗ ಕಾಣದು. ಅವರು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯುವ ಕೆಲಸವನ್ನು ಪಕ್ಕದ ಮನೆಯವರು ಮಾಡಿದರು. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಓಡಿತ್ತು: "ಸಾವಿನ್ ಮನೇಲಿ ಹಲ್ ಬುಟ್ನಂತೆ!" "ಕಾಫಿ ಬೇರೆ ಕೇಳಿ ಈಸ್ಕಂಡನಂತೆ ಕಣ್ರೀ!"

ಮಧ್ಯಾಹ್ನದ ಹೊತ್ತಿಗೆ ಆ ನಗುವೇ ಸಾವಿನ ಗುರುತಾಗಿಬಿಟ್ಟಿತ್ತು. ಟೈಲರ್ ಕೃಷ್ಣಪ್ಪ ದೂರದಿಂದಲೇ ಅದನ್ನು ಕಂಡು ಧಡಾರನೆ ಬಾಗಿಲು ಹಾಕಿಕೊಂಡ.

"ಬ್ಯಾಡ ಕಣಪ್ಪೋ! ಮನೇಲಿ ಮದ್ವೆ ಅದೆ. ಮುಂದುಕ್ಕೋಗು!"

"ಅಣ್ಣಾ, ಶುಭಾಶಯ ಇದ್ರೂ ಇರ್ಬೋದು ಕಣಣ್ಣಾ."

"ನೀನು ನಗೋದು ಕಂಡ್ರೆ ಗೊತ್ತಾಯ್ತದೆ ಏನೂಂತ! ಹೋಗೋ!"

ಕಿಟಕಿಯಿಂದ ಒಂದು ಚೆಂಬು ನೀರು ಬಂತು. ರುಜುವಿಲ್ಲದೆ ತಂತಿ ಕೊಡುವಂತಿಲ್ಲ. ಒದ್ದೆಯಾಗಿ, ನಗುತ್ತ, ಚಾಮಯ್ಯ ಮುಕ್ಕಾಲು ಗಂಟೆ ಬಾಗಿಲಲ್ಲಿ ನಿಂತ. ಕೊನೆಗೆ ಕೃಷ್ಣಪ್ಪ ಅಳುತ್ತ ರುಜು ಹಾಕಿದ. ಒಳಗಿದ್ದದ್ದು ಶುಭಾಶಯವೇ.

ಸಂಜೆ ಐದಕ್ಕೆ ಕಚೇರಿಗೆ ಮರಳಿದಾಗ ದವಡೆ ಹಿಡಿದುಕೊಂಡಿತ್ತು. ವೆಂಕಟಸುಬ್ಬಯ್ಯ ಕರೆದರು. "ಚಾಮಯ್ಯ, ಇದು ನಿನಗೇ ಕಣಯ್ಯ."

ಚಾಮಯ್ಯ ಅವರ ಮುಖ ನೋಡಿದ. ಮೇಲಿನ ಸಾಲು. ಕಣ್ಣನ್ನು ಹುಡುಕಿದ. ಅವರು ಕಣ್ಣನ್ನು ಯಂತ್ರದ ಕಡೆ ತಿರುಗಿಸಿದ್ದರು.

"ಸ್ವಾಮೀ, ಒಂದ್ಸಲ ಮುಖ ಸರಿಯಾಗಿ ತೋರ್ಸಿ ಸ್ವಾಮಿ. ಹನ್ನೊಂದು ವರ್ಷ ಆಯ್ತು."

ವೆಂಕಟಸುಬ್ಬಯ್ಯ ಬಾಯಿ ತೆರೆದರು. ಹಿಂದಿನ ಕುರ್ಚಿಯಲ್ಲಿ ಇನ್ಸ್‌ಪೆಕ್ಟರ್ ಕೆಮ್ಮಿದರು. ಬಾಯಿ ಮತ್ತೆ ನಗುವಾಯಿತು.

ಆ ನಗುವಿನ ಬೆಲೆ ಎಷ್ಟೆಂದು ಬೆಳಗಿನಿಂದ ಚಾಮಯ್ಯನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಆದರೂ ತನ್ನ ಸರದಿ ಬಂದಾಗ ಅವನು ಅದನ್ನು ನಂಬಿದ. ಸಾವಾಗಿದ್ದರೆ ಈ ಪುಣ್ಯಾತ್ಮ ನನ್ನ ಎದುರು ನಗುತ್ತಿದ್ದರೇ? ದಾರಿಯಲ್ಲಿ ಅರ್ಧ ಸೇರು ಬೂಂದಿ ಕಟ್ಟಿಸಿಕೊಂಡು ವಠಾರಕ್ಕೆ ಬಂದು ಮನೆಮನೆಗೂ ಹಂಚಿದ.

"ಗಂಡೇ ಇರ್ಬೇಕು ಕಣೋ ಚಾಮಯ್ಯ!" ಎಂದಳು ಎದುರು ಮನೆಯ ಲಕ್ಷ್ಮಮ್ಮ, ಎರಡನೆಯ ಸಲ ಕೈ ನೀಡುತ್ತ.

ಇಂಗ್ಲಿಷ್ ಓದಿದವಳೆಂದರೆ ವಠಾರದ ಯಜಮಾನರ ಮಗಳು ಚೂಡಾಮಣಿ. ಬಾಯಲ್ಲಿ ಬೂಂದಿ ಇಟ್ಟುಕೊಂಡೇ ಲಕೋಟೆ ಒಡೆದಳು. ಅಗಿಯುವುದು ನಿಂತಿತು.

"ಇದು ಕೊಳ್ಳೇಗಾಲದ್ದಲ್ಲ ಚಾಮಯ್ಯನವರೇ. ಬೆಂಗಳೂರಿನ ದೊಡ್ಡ ಆಫೀಸಿಂದು." ಮತ್ತೊಮ್ಮೆ ಓದಿದಳು. "ಯಾರೋ ಅಮಲ್ದಾರರು ಟ್ರಂಕ್ ಕಾಲ್ ಮಾಡಿ ಹೇಳಿದಾರಂತೆ... ಸಾವಿನ ಮನೇಲಿ ನಕ್ಕಿದ್ದಕ್ಕೆ ನಿಮ್ಮನ್ನ ಇವತ್ತಿಂದ ಅಮಾನತು ಮಾಡಿದಾರೆ."

ವಠಾರ ಬೂಂದಿ ನುಂಗಲೂ ಆರದೆ ಉಗುಳಲೂ ಆರದೆ ನಿಂತಿತು.

"ಹಂಗಾರೆ ಮಗ?" ಎಂದಳು ಲಕ್ಷ್ಮಮ್ಮ.

ಅಷ್ಟರಲ್ಲಿ ಬಾಗಿಲಲ್ಲಿ ಸೈಕಲ್ ಗಂಟೆ. ಚಾಮಯ್ಯನ ಜಾಗಕ್ಕೆ ಆಗಲೇ ಬದಲಿ ಹಾಕಿದ್ದರು: ಚೆಲುವರಾಜು, ಕಚೇರಿಯಲ್ಲಿ ಚೀಲ ಹೊರುತ್ತಿದ್ದವನು. ತಲೆಗೆ ದೊಡ್ಡದಾಗುವ ಖಾಕಿ ಟೋಪಿ, ಕೈಯಲ್ಲಿ ಲಕೋಟೆ.

"ಕೊಳ್ಳೇಗಾಲದಿಂದ ಕಣಣ್ಣ."

ಚಾಮಯ್ಯ ಎದ್ದು ಹತ್ತಿರ ಹೋಗಿ ಅವನ ಮುಖವನ್ನು ನೋಡಿದ. ಹಣೆ ನೋಡಿದ, ಕಣ್ಣು ನೋಡಿದ, ತುಟಿಯ ಎರಡು ತುದಿ ನೋಡಿದ. ಚೆಲುವರಾಜು ಮೊದಲ ದಿನವೇ ಕೆಲಸವನ್ನು ಬಲು ಚೆನ್ನಾಗಿ ಕಲಿತಿದ್ದ.

"ಇಲ್ಲೊಂದು ರುಜು ಹಾಕಣ್ಣ" ಎಂದ, ನಗುತ್ತಲೇ.