ಕುದುರೆಯಿಂದ ಬೀಳದಿದ್ದ ಕಥೆ

ಕುದುರೆ ಸವಾರಿಯಲ್ಲಿ ಅಂಥ ಕಷ್ಟವೇನಿದೆ ಎಂಬುದು ನನಗೆ ಎಂದೂ ಅರ್ಥವಾಗಿರಲಿಲ್ಲ. ಓಡುವುದು ಕುದುರೆ, ಬೆವರುವುದು ಕುದುರೆ, ದಾರಿ ನೋಡಿಕೊಳ್ಳುವುದೂ ಕುದುರೆ. ಸವಾರರ ಕೆಲಸ ಸುಮ್ಮನೆ ಕೂತಿರುವುದು. ಕೂತಿರುವ ವಿಷಯದಲ್ಲಿ ನನ್ನ ಅನುಭವ ಬಹಳ ದೊಡ್ಡದು. ಸಾಲದ್ದಕ್ಕೆ ನಾನು ಭೌತಶಾಸ್ತ್ರದ ಉಪನ್ಯಾಸಕಿ. ನೈರೋಬಿಯ ಒಂದು ಕಾಲೇಜಿನಲ್ಲಿ ಗುರುತ್ವ ಕೇಂದ್ರ, ಸಮತೋಲನ, ವೃತ್ತಾಕಾರದ ಚಲನೆ ಇವನ್ನೆಲ್ಲ ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆಸಿಕೊಂಡವಳು. ಕುದುರೆಗೆ ಗೊತ್ತಿಲ್ಲದ ಸೂತ್ರಗಳೆಲ್ಲ ನನಗೆ ಗೊತ್ತು!

ನಮ್ಮ ಮಗಳು ದಿಯಾಗೆ ಹದಿನೈದು ವರ್ಷ. ಆ ವಯಸ್ಸಿನಲ್ಲಿ ಮಕ್ಕಳಿಗೆ ಅಮ್ಮನ ಜೊತೆ ಮಾತೇ ಮುಗಿದುಹೋಗಿರುತ್ತದೆ. ‘ಫೈನ್’, ‘ಓಕೆ’, ‘ವೈಫೈ ಇಸ್ ಡೌನ್’ ಇಷ್ಟರಲ್ಲೇ ನಮ್ಮ ತಾಯಿ-ಮಗಳ ಸಂಭಾಷಣೆ ನಡೆಯುತ್ತಿತ್ತು. ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಕುದುರೆಗಳ ಜೊತೆ ಮಾತ್ರ. ಪ್ರತಿ ಶನಿವಾರ ಲಂಗಾಟಾದ ಒಂದು ಕುದುರೆ ಲಾಯಕ್ಕೆ ಹೋಗಿ ಬ್ಯಾರೆಲ್ ರೇಸ್ ಕಲಿಯುತ್ತಿದ್ದಳು. ಮೈದಾನದಲ್ಲಿ ತ್ರಿಕೋನಾಕಾರದಲ್ಲಿ ಮೂರು ಡ್ರಮ್ಮು ಇಟ್ಟಿರುತ್ತಾರೆ. ಕುದುರೆಯ ಮೇಲೆ ಕೂತು ಒಂದೊಂದೇ ಡ್ರಮ್ಮನ್ನು ಬಿಗಿಯಾಗಿ ಸುತ್ತು ಹಾಕಿ, ಯಾವುದನ್ನೂ ಬೀಳಿಸದೆ ಓಡೋಡಿ ವಾಪಸು ಬರಬೇಕು. ಆಟ ಇಷ್ಟೇ.

ಒಂದು ಸಂಜೆ ಊಟಕ್ಕೆ ಕೂತಾಗ ದಿಯಾ, ಲಾಯದಲ್ಲಿ ಹಬ್ಬದ ಥರ ಒಂದು ಆಟದ ದಿನ ಇಟ್ಟಿದ್ದಾರೆಂದೂ, ಅದರಲ್ಲಿ ಮಕ್ಕಳು ಅಪ್ಪ ಇಲ್ಲವೇ ಅಮ್ಮನ ಜೊತೆ ಜೋಡಿಯಾಗಿ ಓಡಿಸುವ ರೇಸ್ ಇದೆಯೆಂದೂ ಹೇಳಿದಳು. ಹೇಳಿದ್ದು ಅವರಪ್ಪನಿಗೆ.

“ಅಪ್ಪಾ, ವಿಲ್ ಯು ರೈಡ್ ವಿತ್ ಮಿ?”

ನನ್ನ ಯಜಮಾನರು ಮಂಜುನಾಥ್ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅಪಾಯವನ್ನು ದೂರದಿಂದಲೇ ಕಂಡುಹಿಡಿಯುವುದು ಅವರ ವೃತ್ತಿ. ತಕ್ಷಣ ಮೊಣಕಾಲು ಹಿಡಿದುಕೊಂಡರು. “ಮಂಡಿ ನೋವು ಪುಟ್ಟಾ.”

“ಯಾವಾಗಿಂದ್ರೀ?” ಎಂದೆ.

“ಈಗಷ್ಟೇ ಶುರುವಾಯ್ತು.”

“ಇಟ್ಸ್ ಫೈನ್,” ಎಂದಳು ದಿಯಾ. “ರೇಚಲ್ಸ್ ಮಮ್ಮಿಯನ್ನ ಕೇಳ್ತೀನಿ. ಶಿ ಇಸ್ ಫಿಟ್.”

ಕೈಯಲ್ಲಿದ್ದ ಚಪಾತಿ ತಟ್ಟೆಗೆ ಬಿತ್ತು. ರೇಚಲ್ ಅವಳ ಕ್ಲಾಸ್‌ಮೇಟ್. ಅವರಮ್ಮನಿಗೂ ನನ್ನಷ್ಟೇ ವಯಸ್ಸು! “ಬೇರೆಯವರ ಅಮ್ಮ ಯಾಕೇ? ನಿನ್ ಸ್ವಂತ ಅಮ್ಮ ಇಲ್ಲೇ ಕೂತಿದೀನಲ್ಲ!”

ದಿಯಾ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. “ಅಮ್ಮಾ, ಇಟ್ಸ್ ಎ ಹಾರ್ಸ್.”

“ಗೊತ್ತು ಕಣೇ. ಆನೆ ಅಂತ ನಾನೆಲ್ಲಿ ಅಂದೆ?”

ಹೀಗೆ ನಾನು ಸವಾರಳಾದೆ.

ಮುಂದಿನ ಶನಿವಾರ ತಲೆಗೆ ಹೆಲ್ಮೆಟ್ಟು, ಕಾಲಿಗೆ ಯಜಮಾನರ ಹಳೆಯ ಟ್ರ್ಯಾಕ್ ಪ್ಯಾಂಟು ಏರಿಸಿಕೊಂಡು ಲಾಯಕ್ಕೆ ಹೋದೆ. ಅಲ್ಲಿನ ತರಬೇತುದಾರಳ ಹೆಸರು ವಂಜಿರು. ನೋಡಲು ದಾರದ ಹಾಗೆ ತೆಳ್ಳಗೆ, ದನಿ ಮಾತ್ರ ಲಾರಿಯ ಹಾರ್ನು. ಇಲ್ಲಿನ ಪದ್ಧತಿಯಂತೆ ನನ್ನನ್ನು ‘ಮಾಮಾ ದಿಯಾ’, ಅಂದರೆ ದಿಯಾಳ ಅಮ್ಮ ಎಂದೇ ಕರೆದಳು. ನನಗೆ ಕೊಟ್ಟ ಕುದುರೆ ಹರಾಕಾ ಎಂಬ ಮುದಿ ಹೆಣ್ಣು ಕುದುರೆ. ಸ್ವಾಹಿಲಿಯಲ್ಲಿ ಹರಾಕಾ ಎಂದರೆ ಅವಸರ. ಹೆಸರಿಟ್ಟವರು ಬಹಳ ತಮಾಷೆಯ ಜನ ಇರಬೇಕು. ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಮಟಾಟು ಬಸ್ಸು ಕೂಡ ಅದಕ್ಕಿಂತ ಚುರುಕು!

“ಮಾಮಾ ದಿಯಾ, ಹತ್ತಿ,” ಎಂದಳು ವಂಜಿರು.

ಹತ್ತಿದೆ. ಹತ್ತಿದ ರಭಸದಲ್ಲೇ ಆ ಕಡೆಯಿಂದ ಇಳಿದೆ.

ಹರಾಕಾ ತಿರುಗಿ ನನ್ನನ್ನು ನೋಡಿತು. ಎರಡನೇ ಸಲ ಹತ್ತಿ ಅದರ ಕುತ್ತಿಗೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡು, ಮೈದಾನವನ್ನು ಒಂದು ಸುತ್ತು ಹಾಕುವಷ್ಟರಲ್ಲಿ ನನಗೆ ತಿಳಿದಿದ್ದ ದೇವರ ಹೆಸರೆಲ್ಲ ಮುಗಿದವು. ಬೇಲಿಯಾಚೆ ನಿಂತಿದ್ದ ದಿಯಾ, ಈ ಹೆಂಗಸು ಯಾರೋ ಎನ್ನುವ ಹಾಗೆ ಮೊಬೈಲು ನೋಡುತ್ತಿದ್ದಳು. ಅದು ಬಿದ್ದಿದ್ದಕ್ಕಿಂತ ಹೆಚ್ಚು ನೋವಾಯಿತು.

“ನಿಮ್ಮ ಕೋರ್ ವೀಕ್,” ಎಂದಳು ವಂಜಿರು. “ಕೋರ್ ಗಟ್ಟಿಯಾಗಬೇಕು. ಬ್ಯಾಲೆನ್ಸ್ ಆಮೇಲೆ ತಾನೇ ಬರುತ್ತೆ. ಪೋಲೆ ಪೋಲೆ, ನಿಧಾನಕ್ಕೆ.”

ಕೋರ್ ಎಂದರೆ ಹೊಟ್ಟೆ, ಬೆನ್ನು, ಸೊಂಟದ ಒಳಗಿನ ಸ್ನಾಯುಗಳಂತೆ. ಎಲ್ಲರಿಗೂ ಇರುತ್ತವಂತೆ. ನನ್ನವು ಬಹಳ ಆಳದಲ್ಲಿದ್ದವು.

ಮನೆಯಲ್ಲಿ ತರಬೇತಿ ಶುರುವಾಯಿತು. ಬೆಳಿಗ್ಗೆ ಒಂಟಿಕಾಲಿನಲ್ಲಿ ನಿಂತು ಹುಳಿ ಕುದಿಸಿದೆ. ಕಾಲು ಬದಲಿಸುವ ಗಲಿಬಿಲಿಯಲ್ಲಿ ಎರಡು ಸಲ ಉಪ್ಪು ಬಿತ್ತು. ಯಜಮಾನರು ಒಂದು ತುತ್ತು ಬಾಯಿಗಿಟ್ಟು, “ನಾಳೆಯಿಂದ ಎರಡೂ ಕಾಲ್ಮೇಲೆ ನಿಂತ್ಕೊಂಡು ಅಡುಗೆ ಮಾಡೇ ಸುಮಾ, ನಿನ್ ದಮ್ಮಯ್ಯ,” ಎಂದರು.

ಆಮೇಲೆ ವಂಜಿರು ಹೇಳಿದಳೆಂದು ಕುಂಬಳಕಾಯಿಯ ಅಣ್ಣನಂತಿದ್ದ ದೊಡ್ಡ ರಬ್ಬರ್ ಚೆಂಡೊಂದನ್ನು ತಂದೆ. ಅದರ ಮೇಲೆ ಕೂತರೆ ಕುದುರೆಯ ಮೇಲೆ ಕೂತಷ್ಟೇ ಸೊಂಟಕ್ಕೆ ಕೆಲಸ. ಸಮಯ ಉಳಿಸೋಣವೆಂದು ಅದರ ಮೇಲೆ ಕೂತೇ ಆನ್‌ಲೈನ್ ಪಾಠ ಮಾಡಿದೆ. ಪಾಠ ಸಮತೋಲನದ ಬಗ್ಗೆ. ಸ್ಕ್ರೀನಿನಲ್ಲಿ ನನ್ನ ತಲೆ ಮೇಲೆ ಕೆಳಗೆ ಹೋಗುತ್ತಿದ್ದುದನ್ನು ನೋಡಿ ಒಬ್ಬ ಹುಡುಗಿ, “ಮೇಡಂ, ಮಟಾಟುವಿನಲ್ಲಿದೀರಾ?” ಎಂದು ಕೇಳಿದಳು. ನಾನು ಗಂಭೀರವಾಗಿ, “ಸ್ಥಿರ ಸಮತೋಲನ ಎಂದರೆ, ಸ್ವಲ್ಪ ವಾಲಿದರೂ ವಸ್ತು ಮತ್ತೆ ತನ್ನ ಜಾಗಕ್ಕೇ ಬರುತ್ತದೆ. ಅಸ್ಥಿರ ಸಮತೋಲನ ಎಂದರೆ...” ಎನ್ನುತ್ತಾ ಸ್ವಲ್ಪ ವಾಲಿದೆ.

ಮತ್ತೆ ನನ್ನ ಜಾಗಕ್ಕೆ ಬರಲಿಲ್ಲ.

ಸ್ಕ್ರೀನಿನಲ್ಲಿ ಉಳಿದದ್ದು ಹಿಂದಿನ ಗೋಡೆಯ ಕ್ಯಾಲೆಂಡರ್ ಮಾತ್ರ. ಇಡೀ ತರಗತಿ ಚಪ್ಪಾಳೆ ತಟ್ಟಿತು. ಅಷ್ಟು ಸ್ಪಷ್ಟವಾದ ಪಾಠವನ್ನು ನಾನು ಅದುವರೆಗೆ ಮಾಡಿರಲಿಲ್ಲ!

ಇನ್ನು ಡ್ರಮ್ಮು ಸುತ್ತುವ ಅಭ್ಯಾಸ. ಹೈರಿಡ್ಜ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ವಾರದಲ್ಲಿ ಕೆಲವೇ ದಿನ ನಲ್ಲಿ ನೀರು. ಹಾಗಾಗಿ ಪಾರ್ಕಿಂಗ್ ಜಾಗದಲ್ಲಿ ಎಲ್ಲರೂ ನೀಲಿ ಡ್ರಮ್ಮುಗಳಲ್ಲಿ ನೀರು ತುಂಬಿಸಿಟ್ಟಿರುತ್ತಾರೆ. ಅವುಗಳಲ್ಲಿ ಮೂರು, ದೇವರೇ ಇಟ್ಟಂತೆ, ತ್ರಿಕೋನಾಕಾರದಲ್ಲಿದ್ದವು. ಕುದುರೆ ಮಾತ್ರ ಇರಲಿಲ್ಲ.

“ರೀ,” ಎಂದು ಕರೆದೆ.

“ಇಲ್ಲ,” ಎಂದರು ಯಜಮಾನರು.

“ಇನ್ನೂ ಏನೂ ಕೇಳೇ ಇಲ್ವಲ್ರೀ!”

“ನೀನು ದುಪಟ್ಟಾ ಹಿಡ್ಕೊಂಡು ನಿಂತಿರೋದು ನೋಡಿದ್ರೇ ಗೊತ್ತಾಗುತ್ತೆ.”

ಆದರೂ ಬಂದರು. ಮಂಡಿ ನೋವಿನ ಸುಳ್ಳಿಗೆ ಅದು ಪ್ರಾಯಶ್ಚಿತ್ತ. ದುಪಟ್ಟಾವನ್ನು ಲಗಾಮಿನಂತೆ ಅವರ ಎರಡೂ ಭುಜದ ಕೆಳಗಿಂದ ಹಾಯಿಸಿ, ತುದಿಗಳನ್ನು ನಾನು ಹಿಡಿದು, ಹಿಂದೆ ಮಂಡಿ ಬಗ್ಗಿಸಿಕೊಂಡು ಓಡಿದೆ. ಗೇಟಿನ ಅಸ್ಕಾರಿ, ಅಂದರೆ ಕಾವಲುಗಾರ, ಕುರ್ಚಿಯನ್ನು ಚೆನ್ನಾಗಿ ಕಾಣುವ ಕಡೆಗೆ ಎಳೆದುಕೊಂಡ. ಮೂರನೇ ಮಹಡಿಯ ಬಾಲ್ಕನಿಯಿಂದ ಪುತ್ತೂರಿನ ಕಡೆಯ ಡಾಕ್ಟರ್ ವೀಣಾ ಬಗ್ಗಿ ನೋಡಿದರು.

“ಮಂಜುನಾಥ್, ಎಂತ ನಡೀತಾ ಉಂಟು ಅಲ್ಲಿ?”

“ಸಂಸಾರ ಡಾಕ್ಟ್ರೇ!” ಎಂದರು ನನ್ನ ಕುದುರೆ.

ಆ ಉತ್ತರಕ್ಕೆ ಸಿಟ್ಟು ಬಂದು ಲಗಾಮು ಜಗ್ಗಿದೆ. ಅವರು ಬಲಕ್ಕೆ ತಿರುಗಿದರು, ನಾನು ಎಡಕ್ಕೆ ಹೋದೆ, ದುಪಟ್ಟಾ ನಡುವಿನ ಡ್ರಮ್ಮಿನ ನಲ್ಲಿಗೆ ಸುತ್ತಿಕೊಂಡಿತು. ಲಟಕ್ಕೆಂದು ನಲ್ಲಿ ಮುರಿದು ನನ್ನ ಕೈಗೆ ಬಂತು. ನೀರು ಬುಸ್ಸೆಂದು ಚಿಮ್ಮಿತು.

“ಅಯ್ಯೋ, ಅದು ನಮ್ಮ ಡ್ರಮ್ಮು ಮಾರಾಯ್ರೆ!” ಎಂದು ಮೇಲಿನಿಂದ ಕೂಗಿದರು ವೀಣಾ. “ಸಂಜೆಗೆ ನೆಂಟರು ಬರ್ತಾರೆ!”

ತೂತಿಗೆ ಹೆಬ್ಬೆರಳು ಒತ್ತಿ ಕೂತೆ. ಯಜಮಾನರು ಬಿರಡೆ ಹುಡುಕಿಕೊಂಡು ಬರುವ ಹೊತ್ತಿಗೆ ಅರ್ಧ ಡ್ರಮ್ಮು ಪಾರ್ಕಿಂಗ್ ಪಾಲಾಗಿತ್ತು, ಇನ್ನರ್ಧ ನನ್ನ ಪಾಲಾಗಿತ್ತು. ಆಮೇಲೆ ನಮ್ಮ ಡ್ರಮ್ಮಿನಿಂದ ಬಕೆಟ್ಟಿನಲ್ಲಿ ನೀರು ತುಂಬಿ ಮೂರನೇ ಮಹಡಿಗೆ ಹೊತ್ತು ಸುರಿದೆವು. ಆವತ್ತು ಮೊದಲ ಬಾರಿಗೆ ನನ್ನ ಕೋರ್ ಎಲ್ಲಿದೆ ಎಂದು ಗೊತ್ತಾಯಿತು. ಅದು ಅಳುತ್ತಿತ್ತು.

ಇಷ್ಟೆಲ್ಲ ಆದಮೇಲೆ ಒಂದು ಮಾತು ಒಪ್ಪಲೇಬೇಕು. ಶನಿವಾರಗಳು ಕಳೆದಂತೆ ನಾನು ಕುದುರೆಯ ಮೇಲೆ ಅಲುಗಾಡದೆ ಕೂರತೊಡಗಿದೆ.

“ಸವಾ, ಈಗ ಸರಿಯಾಯ್ತು, ಮಾಮಾ ದಿಯಾ!” ಎಂದಳು ವಂಜಿರು. “ಈಗ ಜೋಳದ ಮೂಟೆ ಥರ ಕೂರ್ತಿಲ್ಲ.”

“ಮತ್ತೆ ಯಾವ ಥರ?” ಎಂದೆ ಆಸೆಯಿಂದ.

“ಚೆನ್ನಾಗಿ ಬಿಗಿದು ಕಟ್ಟಿದ ಜೋಳದ ಮೂಟೆ ಥರ.”

ಬೇಲಿಯಾಚೆ ದಿಯಾ ಮೊಬೈಲು ಕೆಳಗಿಳಿಸಿ ನೋಡುತ್ತಿದ್ದಳು. ನನಗೆ ಅಷ್ಟೇ ಸಾಕಿತ್ತು.

ರೇಸಿನ ದಿನ ಬಂತು. ಹಗುರವಾಗಿರಲೆಂದು ಬೆಳಿಗ್ಗೆ ತಿಂಡಿ ಬಿಟ್ಟೆ. ವಂಜಿರು ಕೊನೆಯ ಸಲ ಬುದ್ಧಿ ಹೇಳಿದಳು. “ಡ್ರಮ್ಮು ನೋಡಬೇಡಿ. ಹೋಗಬೇಕಾದ ಜಾಗ ನೋಡಿ. ನಿಮ್ಮ ಕಣ್ಣು ಎಲ್ಲಿಗೆ ತಿರುಗುತ್ತೋ ಮೈ ಅಲ್ಲಿಗೆ ತಿರುಗುತ್ತೆ, ಕುದುರೆ ಅಲ್ಲಿಗೇ ಹೋಗುತ್ತೆ.”

ಒಂದೊಂದು ಜೋಡಿಗೂ ಬೇರೆ ಬೇರೆ ಮೂರು ಡ್ರಮ್ಮು, ಎಲ್ಲರದೂ ಒಟ್ಟಿಗೇ ಓಟ. ಮೊದಲು ದಿಯಾ ಹೋದಳು. ಆಹಾ! ಬಾಣ ಬಿಟ್ಟ ಹಾಗೆ ಹೋಗಿ, ಮೂರೂ ಡ್ರಮ್ಮುಗಳನ್ನು ಸವರಿಕೊಂಡೇ ಸುತ್ತಿ, ಧೂಳೆಬ್ಬಿಸಿ ಬಂದು ನನ್ನ ಕೈಗೆ ಕೈ ತಟ್ಟಿದಳು. ಆಗ ನಮ್ಮ ಜೋಡಿಯೇ ಎಲ್ಲರಿಗಿಂತ ಮುಂದೆ!

“ಗೋ ಅಮ್ಮಾ, ಗೋ!”

ಹೋದೆ. ಹರಾಕಾ ಅಂದು ತನ್ನ ಹೆಸರನ್ನು ನೆನಪಿಸಿಕೊಂಡು ಕುಲುಕಿ ಕುಲುಕಿ ಓಡಿತು. ಮೊದಲನೇ ಡ್ರಮ್ಮು ಸುತ್ತಿದೆ. ಎರಡನೆಯದನ್ನೂ ಸುತ್ತಿದೆ. ಬೆನ್ನು ನೆಟ್ಟಗೆ, ಸೊಂಟ ಗಟ್ಟಿ, ಮುಖದಲ್ಲಿ ರಾಣಿಯ ಕಳೆ! ಯಜಮಾನರು ವಿಡಿಯೋ ತೆಗೆಯುತ್ತಾ, “ಭೇಷ್ ಸುಮಾ!” ಎಂದು ಕೂಗಿದರು.

ಮೂರನೇ ಡ್ರಮ್ಮಿನ ಆಚೆ, ಬೇಲಿ ಇಲ್ಲದ ಕಡೆ, ತೀರ್ಪುಗಾರರ ಚಹಾದ ಮೇಜಿತ್ತು. ಅದರ ಮೇಲೆ ಆಗತಾನೆ ಕರಿದ ಮಂದಾಜಿಗಳು. ಏಲಕ್ಕಿ ಪರಿಮಳದ, ನಮ್ಮ ಬನ್ಸಿನಂತೆ ಉಬ್ಬಿದ ಮಂದಾಜಿಗಳು! ಖಾಲಿ ಹೊಟ್ಟೆ. ಒಂದೇ ಒಂದು ಕ್ಷಣ ನೋಡಿದೆ.

ವಂಜಿರು ಹೇಳಿದ್ದು ನೂರಕ್ಕೆ ನೂರು ನಿಜ. ಕುದುರೆ ಅಲ್ಲಿಗೇ ಹೋಯಿತು.

“ಹರಾಕಾ, ಬೇಡ! ಬೇಡ್ವೇ!” ಎಂದು ಲಗಾಮು ಎಳೆದೆ. ಹರಾಕಾಗೆ ಕನ್ನಡ ಬರುತ್ತಿರಲಿಲ್ಲ. ತೀರ್ಪುಗಾರರು ಕುರ್ಚಿಸಮೇತ ಪಕ್ಕಕ್ಕೆ ಹಾರಿದರು. ಹರಾಕಾ ಮೇಜಿನ ಮುಂದೆ ಗಕ್ಕನೆ ನಿಂತು, ತಟ್ಟೆಗೆ ಮೂತಿ ಇಟ್ಟಿತು. ಅಂಥ ರಭಸದಲ್ಲಿ ನಿಂತರೆ ಚಲನೆಯ ನಿಯಮದ ಪ್ರಕಾರ ನಾನು ಮುಂದಕ್ಕೆ ಹಾರಿ ಚಹಾದ ಫ್ಲಾಸ್ಕಿನ ಮೇಲೆ ಬೀಳಬೇಕಿತ್ತು. ಆದರೆ ನನ್ನ ಬ್ಯಾಲೆನ್ಸು! ಒಂದಿಷ್ಟೂ ವಾಲದೆ ಕೂತಿದ್ದೆ. ಬಿದ್ದಿದ್ದರೆ ಜನ ಅಯ್ಯೋ ಪಾಪ ಎನ್ನುತ್ತಿದ್ದರು. ಬೀಳಲಿಲ್ಲವಾದ್ದರಿಂದ, ನಾನೇ ಕುದುರೆಯ ಮೇಲೆ ತಿಂಡಿಗೆ ಬಂದವಳಂತೆ, ತಟ್ಟೆ ಖಾಲಿಯಾಗುವ ತನಕ ಎಲ್ಲರ ಎದುರು ಗಾಂಭೀರ್ಯದಿಂದ ಕೂತಿರಬೇಕಾಯಿತು.

ದಿಯಾ ಓಡಿ ಬಂದಳು. ಸಿಟ್ಟಿನಿಂದ ಬಂದಳೆಂದುಕೊಂಡೆ. ನೋಡಿದರೆ ನಗು ತಡೆಯಲಾರದೆ ಹುಡುಗಿಯ ಕಣ್ಣಲ್ಲಿ ನೀರು. ಹರಾಕಾದ ಲಗಾಮು ಹಿಡಿದು ಮೂರನೇ ಡ್ರಮ್ಮು ಸುತ್ತಿಸಿ, ನನ್ನನ್ನು ಮೆರವಣಿಗೆಯಲ್ಲಿ ಕರೆತಂದಂತೆ ಗೆರೆ ದಾಟಿಸಿದಳು. ಅಷ್ಟು ಹೊತ್ತಿಗೆ ಬೇರೆ ಜೋಡಿಗಳೆಲ್ಲ ನೀರು ಕುಡಿದು ಕೂತಿದ್ದವು. ನಾವು ಕೊನೆ.

“ಇರಲಿ ಬಿಡು,” ಎಂದೆ, ಹೆಲ್ಮೆಟ್ಟು ಸರಿಮಾಡಿಕೊಳ್ಳುತ್ತಾ. “ನಿಮ್ಮಮ್ಮ ಬೀಳಲಿಲ್ಲ. ಅದನ್ನ ನೋಡು.”

ಹಾಗೆಂದು ಘನತೆಯಿಂದ ಕುದುರೆಯಿಳಿದು, ಎರಡೂ ಕಾಲು ನೆಲಕ್ಕೆ ಊರಿ ನಿಂತೆ. ತೊಡೆಗಳು ಗಂಜಿಯಾಗಿದ್ದವು. ನಿಂತ ನೆಲದಲ್ಲೇ ದೊಪ್ಪನೆ ಬಿದ್ದೆ!

ವಾಪಸು ಬರುವಾಗ ಕಾರಿನಲ್ಲಿ ದಿಯಾ, ಲಂಗಾಟಾದಿಂದ ಹೈರಿಡ್ಜ್ ತನಕ ಬಾಯಿ ಮುಚ್ಚಲಿಲ್ಲ. ವಿಡಿಯೋವನ್ನು ಮತ್ತೆ ಮತ್ತೆ ಹಾಕಿ, “ಅಮ್ಮಾ, ಲುಕ್ ಅಟ್ ಯುವರ್ ಫೇಸ್!” ಎಂದು ನನ್ನ ಭುಜಕ್ಕೆ ಒರಗಿ ನಗುತ್ತಿದ್ದಳು. ಎಷ್ಟೋ ತಿಂಗಳಲ್ಲಿ ನನ್ನ ಜೊತೆ ಆಡದಷ್ಟು ಮಾತನ್ನು ಆ ಒಂದೇ ದಾರಿಯಲ್ಲಿ ಆಡಿದಳು. ಎಲ್ಲ ಮಾತೂ ನನ್ನ ಬಗ್ಗೆಯೇ. ನಾನು ಕಿವಿಗೊಟ್ಟು ಕೇಳಿದೆ. ಅದರಲ್ಲಿ ಹೊಗಳಿಕೆ ಒಂದೂ ಇರಲಿಲ್ಲ.