ನಾಲ್ಕಿಂಚಿನ ಮರ್ಯಾದೆ

ಫೋನಿನಲ್ಲಿ ವಾಲ್ವಿನ ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಮಿಲ್ಲಿಗೆ ತಾಸಿಗೆ ಎಷ್ಟು ಕಿಲೋ ಹಬೆ ಬೇಕು? ಹುಲಿಗೇಶನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಅಂಗಡಿಯವನೇ ಬಂದು ಅಳೆದುಕೊಂಡು ಹೋಗುತ್ತಿದ್ದನೇನೋ. ಆದರೆ ನಮ್ಮ ಕಡೆ ಗೊತ್ತಿಲ್ಲ ಅನ್ನುವ ಮಾತನ್ನು ಪೊಲೀಸರ ಮುಂದೆ ಬಿಟ್ಟರೆ ಬೇರೆಲ್ಲೂ ಯಾರೂ ಆಡುವುದಿಲ್ಲ. ಕೇಳಿ ಹೇಳುತ್ತೇನೆ ಎಂದು ಫೋನಿಟ್ಟ.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ಸಂಗನಬಸವ ಸಾವುಕಾರರ ಅಕ್ಕಿ ಮಿಲ್ಲು. ಅಲ್ಲಿ ಭತ್ತವನ್ನು ಟ್ಯಾಂಕಿನಲ್ಲಿ ಹಬೆಯಿಂದ ಬೇಯಿಸಿ ಕುಚ್ಚಲಕ್ಕಿ ಮಾಡುತ್ತಾರೆ. ಬಾಯ್ಲರಿನಿಂದ ಬರುವ ಪೈಪಿನ ಮೇಲೊಂದು ಚಕ್ಕರವಿದೆ. ಹಬೆ ಹೆಚ್ಚಾದರೆ ಬಲಕ್ಕೆ ತಿರುವಬೇಕು, ಕಡಿಮೆಯಾದರೆ ಎಡಕ್ಕೆ. ಹುಲಿಗೇಶ ಮದುವೆಗೆ ಮೊದಲಿನಿಂದಲೂ ಅದನ್ನೇ ಕಿರ್ರ್ ಕಿರ್ರ್ ಎನಿಸುತ್ತ ತಿರುವುತ್ತಿದ್ದ.

ಈಗ ಮಗಳು ಮಮತಾಳಿಗೆ ಲಿಂಗಸುಗೂರಿನಿಂದ ಸಂಬಂಧ ಬಂದಿತ್ತು. ಚಕ್ಕರ ತಿರುವುವವನ ಮನೆಯ ಹೆಣ್ಣು ಬೇಡ ಎಂದು ಹುಡುಗನ ತಂದೆ ಮುಖದ ಮೇಲೆಯೇ ಹೇಳಿದ್ದ. ಅದೇ ಹೊತ್ತಿಗೆ ಸಾವುಕಾರರಿಗೆ, ಹಬೆಯನ್ನು ತಾನೇ ಬಿಟ್ಟು ತಾನೇ ತಡೆಯುವ ಆಟೋಮೆಟಿಕ್ ವಾಲ್ವಿನ ಹುಚ್ಚು ಹಿಡಿಯಿತು. ಜವಳಗೇರಾದಲ್ಲಿ ಅವರ ಭಾವಮೈದುನ ಸೂಗಪ್ಪ ತನ್ನ ಮಿಲ್ಲಿಗೆ ಅಂಥದ್ದನ್ನು ಹಾಕಿಸಿ, ಹತ್ತಿರ ನರಪಿಳ್ಳೆ ಇಲ್ಲದೆ ಭತ್ತ ಬೇಯುತ್ತದೆ ಎಂದು ಊರೂರು ಸಾರುತ್ತಿದ್ದ. ಅಲ್ಲಿ ಚಕ್ಕರ ತಿರುವುತ್ತಿದ್ದ ಇಮಾಮ್‌ಸಾಬ್, ಹುಲಿಗೇಶನ ಹಳೆಯ ಗೆಳೆಯ, ಸೂಪರ್‌ವೈಸರ್ ಆಗಿ ಗಾಲಿಯಿರುವ ಕುರ್ಚಿ ಪಡೆದಿದ್ದ. ದೊಡ್ಡ ಮನುಷ್ಯನಾದ ಮೇಲೆ ಅವನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

"ವಾಲ್ವ್ ಕೂತ ದಿನ ನಿನಗೂ ಅಂಥಾದ್ದ ಕುರ್ಚಿ" ಎಂದಿದ್ದರು ಸಾವುಕಾರರು. ಹೆಂಡತಿ ಕರೆಮ್ಮ ತಡಮಾಡಲಿಲ್ಲ. ನಾಳೆಯೇ ಬಂದು ಕಣ್ಣಾರೆ ನೋಡಿಕೊಂಡು ಹೋಗ್ರಿ ಎಂದು ಲಿಂಗಸುಗೂರಿಗೆ ಫೋನ್ ಮಾಡಿಬಿಟ್ಟಳು.

ಹುಲಿಗೇಶ ಹಬೆಯ ಲೆಕ್ಕ ಕೇಳಲು ಹೊರಟ. ಬಾಯ್ಲರಿನ ಹುಸೇನ್‌ಸಾಬ್ ಆರುನೂರು ಸಾಕು ಎಂದವನು, ಕಡಿಮೆ ಬಿದ್ದರೆ ತನ್ನ ಕೊರಳಿಗೆ ಬರುತ್ತದೆಂದು ಎಂಟುನೂರು ಮಾಡಿದ. ಮಿಸ್ತ್ರಿ ಗದ್ದೆಪ್ಪ ಸಾವಿರ ಎಂದ. ಪೈಪಿನಲ್ಲಿ ಸೋರುವುದನ್ನೂ ಹಿಡಿಯಬೇಕಂತೆ. ಆ ಸೋರಿಕೆ ನಿಲ್ಲಿಸುವ ಕೆಲಸಕ್ಕೇ ತನಗೆ ಪಗಾರ ಕೊಡುತ್ತಾರೆ ಎಂಬುದು ಅವನಿಗೆ ನೆನಪಾಗಲಿಲ್ಲ. ಸಾವುಕಾರರು ಮುಂದಿನ ವರ್ಷ ಇನ್ನೊಂದು ಟ್ಯಾಂಕ್ ಕೂಡಿಸುವವರಿದ್ದರು. ಬಹಳ ವರ್ಷಗಳಿಂದ ಅವರದು ಮುಂದಿನ ವರ್ಷವೇ. ಅವರು ಹದಿನೈದು ನೂರಕ್ಕೆ ಏರಿಸಿದರು. ಎಲೆ ಅಡಿಕೆ ಜಗಿಯುತ್ತ ಕೂತಿದ್ದ ಅವರ ತಾಯಿ ಬಸವಣ್ಣೆಮ್ಮ, ಮದುವೆಗೆ ಅಕ್ಕಿ ಅಳೆಸುವಾಗ ಆಡಿಸುವ ಹಾಗೆ ಕೈ ಆಡಿಸಿದರು.

"ಕಮ್ಮಿ ಬಿದ್ರ ಮಂದಿ ನಗತಾರ. ಎರಡು ಸಾವಿರ ಅನ್ರಿ. ಉಳಿದ್ರ ಉಳೀಲಿ."

ಹಬೆ ಉಳಿದರೆ ದನಕ್ಕೆ ಹಾಕಲು ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಹುಲಿಗೇಶ ಮತ್ತೆ ಫೋನ್ ಮಾಡಿ ಎರಡು ಸಾವಿರ ಎಂದದ್ದೇ ಅಂಗಡಿಯವನ ದನಿ ಮೆತ್ತಗಾಯಿತು. ಯಾರಿಗೋ ತರಿಸಿ, ಅವರು ಬೇಡವೆಂದ ನಾಲ್ಕಿಂಚಿನ ವಾಲ್ವೊಂದು ಅವನ ಗೋದಾಮಿನಲ್ಲಿ ಧೂಳು ತಿನ್ನುತ್ತಿತ್ತು. ಪೈಪು ಎಷ್ಟರದು ಎಂದು ಕೇಳಿದ. ನಾಲ್ಕಿಂಚು ಎಂದ ಹುಲಿಗೇಶ. "ಮತ್ತ ಮುಗೀತಲ್ರೀ, ವಾಲ್ವೂ ನಾಲ್ಕಿಂಚು." ವಾಲ್ವನ್ನು ಪೈಪಿನ ದಪ್ಪ ನೋಡಿ ಕೊಳ್ಳಬಾರದು, ಹಾಯುವ ಹಬೆ ನೋಡಿ ಕೊಳ್ಳಬೇಕು. ಆರುನೂರು ಕಿಲೋಗೆ ಒಂದೂವರೆ ಇಂಚು ಧಾರಾಳವಾಗಿತ್ತು. ಆದರೆ ಒಂದೂವರೆ ಇಂಚಿನ ಮರ್ಯಾದೆ ಯಾರಿಗೆ ಬೇಕು?

ವಾಲ್ವಿನ ತಲೆಯ ಮೇಲೆ ಕೂತು ಅದನ್ನು ತೆರೆದು ಮುಚ್ಚುವ ಯಂತ್ರಕ್ಕೆ ಆಕ್ಚುಯೇಟರ್ ಎನ್ನುತ್ತಾರೆ. ಗಾಳಿಯಿಂದ ನಡೆಯುವುದಾದರೆ ಒಳಗೆ ಸ್ಪ್ರಿಂಗ್ ಇರುತ್ತದೆ, ಗಾಳಿ ನಿಂತರೆ ವಾಲ್ವು ತಾನೇ ಮುಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿದ್ದದ್ದು ಕರೆಂಟಿನದು, ಕರೆಂಟ್ ಹೋದರೆ ಇದ್ದಲ್ಲೇ ನಿಲ್ಲುತ್ತದೆ. ಗಾಳಿಯದಕ್ಕೆ ಕಂಪ್ರೆಸರ್ ಬೇರೆ ಕೊಳ್ಳಬೇಕೆಂದು ಕೇಳಿದ ಕೂಡಲೇ ಸಾವುಕಾರರು ತೀರ್ಪು ಕೊಟ್ಟರು.

"ಇದ್ದಲ್ಲೇ ನಿಲ್ಲಲಿ ಬಿಡು. ನಮ್ಮ ಆಳುಗಳು ನಿಲ್ಲಂಗಿಲ್ಲೇನು?"

ಮಧ್ಯಾಹ್ನ ಟಂಟಂ ಆಟೋದಲ್ಲಿ ವಾಲ್ವು ಬಂತು. ಹಳೆಯ ಚಕ್ಕರದ ಮುಂದೆ ಅದನ್ನು ಕೂಡಿಸಿದರೆ ಭಾರಕ್ಕೆ ಪೈಪೇ ಬಾಗಿತು. ಗದ್ದೆಪ್ಪ ಹಗ್ಗ ಕಟ್ಟಿ ಅದನ್ನು ಮೇಲಿನ ತೊಲೆಗೆ ತೂಗುಹಾಕಿದ. ಬಸವಣ್ಣೆಮ್ಮ ವಿಭೂತಿ ಬಳಿದು, ಮಾಲೆ ಹಾಕಿ, ಕಾಯಿ ಒಡೆಸಿದರು. ಮದುಮಗನನ್ನು ತೊಟ್ಟಿಲಿಗೆ ಹಾಕಿದಂತೆ ಕಾಣುತ್ತಿತ್ತು.

ಸಂಜೆ ಹಳೆಯ ಚಕ್ಕರವನ್ನು ಪೂರಾ ತೆರೆದಿಟ್ಟು ಹೊಸದಕ್ಕೆ ಕರೆಂಟ್ ಕೊಟ್ಟರು. ಅದು ಕೂದಲೆಳೆಯಷ್ಟು ಬಾಯಿ ತೆರೆದದ್ದೇ ತಡ, ಬೇಕಾದ್ದರ ಎರಡರಷ್ಟು ಹಬೆ ನುಗ್ಗಿತು. ಹೆಚ್ಚಾಯಿತೆಂದು ದಡ್ಡನೆ ಮುಚ್ಚಿಕೊಂಡಿತು. ಕಡಿಮೆಯಾಯಿತೆಂದು ಮತ್ತೆ ತೆರೆಯಿತು. ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯ ಬಾಗಿಲು ಬಡಿದಂತೆ ಅದೇ ಆಟ. ಪೈಪು ಗುದ್ದಿಸಿಕೊಂಡಂತೆ ನರಳಿತು. ಮಿಲ್ಲಿನ ಹೆಣ್ಣಾಳುಗಳು ಪುಟ್ಟಿ ಬಿಟ್ಟು ರಸ್ತೆಗೆ ಓಡಿದರು.

ಆಗಲೇ ಕರೆಂಟ್ ಹೋಯಿತು. ವಾಲ್ವು ಹೇಳಿದ ಮಾತಿಗೆ ತಪ್ಪಲಿಲ್ಲ, ಇದ್ದಲ್ಲೇ ನಿಂತಿತು. ಇದ್ದದ್ದು ಬಾಯಿ ತೆರೆದು.

ಟ್ಯಾಂಕಿನೊಳಗೆ ಭತ್ತ ಸಿಡಿಯತೊಡಗಿತು. ಸಾವುಕಾರರು ತಲೆಯ ಮೇಲೆ ಕೈ ಹೊತ್ತರು. ಹುಲಿಗೇಶ ಟವೆಲ್ಲನ್ನು ಕೈಗೆ ಸುತ್ತಿಕೊಂಡು ಹಳೆಯ ಚಕ್ಕರಕ್ಕೆ ಜೋತುಬಿದ್ದು ತಿರುವಿದ. ಅಷ್ಟರಲ್ಲಿ ಟ್ಯಾಂಕಿನ ಭತ್ತವೆಲ್ಲ ಅಂಬಲಿಯಾಗಿತ್ತು.

ಕರೆಂಟ್ ಬಂದ ಮೇಲೆ ಒಂದು ಪವಾಡ ಕಂಡಿತು. ಹಳೆಯ ಚಕ್ಕರ ಕಾಲು ಭಾಗ ತೆರೆದಿದ್ದಷ್ಟು ಹೊತ್ತು ಹೊಸ ವಾಲ್ವು ಹಸುವಿನಂತೆ ಸಾಧುವಾಗಿತ್ತು. ಬಾಯ್ಲರಿನ ಹಬೆ ಏರಿದಾಗ, ಇಳಿದಾಗ, ಕರೆಂಟ್ ಹೋದಾಗ ಮಾತ್ರ ಯಾರಾದರೂ ಆ ಚಕ್ಕರ ಹಿಡಿದಿರಬೇಕು. ಎಲ್ಲರೂ ಹುಲಿಗೇಶನ ಕಡೆ ನೋಡಿದರು.

"ನಾಳೆ ಮಿಲ್ಲಿನವ್ರನ್ನೆಲ್ಲ ಕರದೀನಿ, ನರಪಿಳ್ಳಿ ಇಲ್ಲದ ಮಿಲ್ ತೋರಸ್ತೀನಂತ" ಎಂದರು ಸಾವುಕಾರರು. "ಗದ್ದೆಪ್ಪ, ಆ ಚಕ್ಕರಕ್ಕ ಅಡ್ಡ ತಗಡಿನ ಗೋಡಿ ನಿಲ್ಲಸು. ಹುಲಿಗೇಶ ಹಿಂದ ಕೂತಿರ್ಲಿ."

"ನನ್ನ ಕುರ್ಚಿ, ಸಾವುಕಾರ್ರ?"

"ಮಾತು ಕೊಟ್ಟೀನಿ, ತಪ್ಪಂಗಿಲ್ಲ. ಅದನ್ನೂ ಗೋಡಿ ಹಿಂದ ಹಾಕಸ್ತೀನಿ."

"ನಾಳೆ ಬೀಗರು ನೋಡಾಕ ಬರತಾರ್ರೀ."

"ಸೂಪರ್‌ವೈಸರ್ ಸಾಹೇಬ್ರು ಹೊರಗ ಹೋಗ್ಯಾರ ಅಂತ ಹೇಳಿದ್ರಾತು. ದೊಡ್ಡ ಮಂದಿ ಯಾವಾಗ ಕೈಗೆ ಸಿಗತಾರ?"

ಗದ್ದೆಪ್ಪ ಕೂಡಲೇ ತಗಡು ನಿಲ್ಲಿಸಿದ, ಹುಲಿಗೇಶ ಅದರ ಹಿಂದೆ ಹೋಗಿ ನಿಂತ. ಒಂದೇ ಆಸೆ ಉಳಿದಿತ್ತು. ಜವಳಗೇರಾದಲ್ಲಿ ಅಂಥದ್ದೇ ವಾಲ್ವು ಮನುಷ್ಯನಿಲ್ಲದೆ ನಡೆಯುತ್ತದಲ್ಲ, ಅದರ ಗುಟ್ಟು ಕೇಳಿಕೊಂಡರೆ ಗೋಡೆ ಬೇಕಾಗುವುದಿಲ್ಲ. ಇಮಾಮ್‌ಸಾಬನಿಗೆ ಫೋನ್ ಹಚ್ಚಿ, ನಡೆದದ್ದೆಲ್ಲ ಹೇಳಿ, ನಿಮ್ಮಲ್ಲಿ ಹೇಗೆ ನಡೆಸುತ್ತೀರಿ ಎಂದು ಕೇಳಿದ.

"ಒಂದು ಮಿನಿಟ್ ತಡಿ ದೋಸ್ತ್" ಎಂದ ಇಮಾಮ್‌ಸಾಬ್.

ಫೋನಿನಲ್ಲಿ ಕಿರ್ರ್ ಕಿರ್ರ್ ಎಂಬ ಸದ್ದು ಕೇಳಿಸಿತು. ಹುಲಿಗೇಶ ಆ ಸದ್ದನ್ನು ನಿದ್ದೆಯಲ್ಲೂ ಗುರುತಿಸಬಲ್ಲ. ಏದುಸಿರು ಬಿಡುತ್ತ ಇಮಾಮ್‌ಸಾಬ್ ತಿರುಗಿ ಬಂದ.

"ಹೂಂ, ಹೇಳು. ನಿಮ್ಮ ಗೋಡಿ ಇಟ್ಟಿಗಿದೋ, ತಗಡಿಂದೋ?"

"ತಗಡಿಂದು."

"ಬ್ಯಾಸಗಿಯಾಗ ಸಾಯ್ತಿ. ಕುರ್ಚಿ ಬಂತೇನು?"

ಹುಲಿಗೇಶ ತಗಡಿನ ಸಂದಿಯಿಂದ ಇಣುಕಿದ. ಪ್ಲಾಸ್ಟಿಕ್ ಹಾಳೆ ಸುತ್ತಿದ ಹೊಸ ಕುರ್ಚಿಯನ್ನು ಹುಸೇನ್‌ಸಾಬ್ ಉರುಳಿಸಿಕೊಂಡು ಬರುತ್ತಿದ್ದ. ಹಿಂದೆ ಬಸವಣ್ಣೆಮ್ಮ ವಿಭೂತಿ ಹಿಡಿದು ಬರುತ್ತಿದ್ದರು.

"ಬರಾಕತ್ತೈತಿ."

"ಗಾಲಿದು ಮಾತ್ರ ಬ್ಯಾಡ ಅನ್ನು" ಎಂದ ಇಮಾಮ್‌ಸಾಬ್. "ಬಿಗಿ ಹಿಡದು ತಿರುವಿದ್ರ ಚಕ್ಕರ ತಿರಗಂಗಿಲ್ಲ, ನೀನ ತಿರಗತಿ."