ತಟಸ್ಥಭಾವಕ್ಕೆ ಒಯ್ಯುವುದು

ಬೆಳಗಿನ ಮಂಜಿಗೆಂದು ಹಾಕಿದ ಹೆಡ್‌ಲೈಟನ್ನು ಆರಿಸಲು ಮರೆತದ್ದೇ ಎಲ್ಲಕ್ಕೂ ಮೂಲ. ಹೆಂಡತಿಯ ಕಣ್ಣು ತೋರಿಸಲು ಬಂದಿದ್ದ ಅನುವಾದಕರು, ಕಾವಲುಗಾರ ಆ ಕಡೆ ತಿರುಗಿದ್ದಾಗ, 'ಎರಡೇ ನಿಮಿಷ' ಎಂದುಕೊಂಡು ಆಸ್ಪತ್ರೆಯ ಗೇಟಿನಲ್ಲೇ ಕಾರು ನಿಲ್ಲಿಸಿ ಒಳಗೆ ಹೋಗಿದ್ದರು. ಎರಡು ಗಂಟೆ ಬಿಟ್ಟು ಬಂದರೆ ಬ್ಯಾಟರಿ ಪೂರ್ತಿ ಸತ್ತಿತ್ತು. ಆಟೋಮ್ಯಾಟಿಕ್ ಕಾರಾದ್ದರಿಂದ ಬ್ಯಾಟರಿಯಿಲ್ಲದೆ ಗೇರೂ ಪಾರ್ಕಿಂಗಿನಲ್ಲೇ ಕಚ್ಚಿಕೊಂಡು ಕೂತಿತ್ತು, ಹಠ ಹಿಡಿದ ಮಗುವಿನ ಹಾಗೆ. ಹಿಂದೆ ಆಂಬುಲೆನ್ಸ್ ಅರಚುತ್ತಿತ್ತು.

"ನ್ಯೂಟ್ರಲ್‌ಗೆ ಹಾಕಿ, ತಳ್ತೀವಿ," ಎಂದ ಕಾವಲುಗಾರ.

"ಬೀಳ್ತಾ ಇಲ್ಲ ಕಣಪ್ಪ."

"ಗಾಡಿ ಪುಸ್ತಕ ಇಲ್ವಾ?"

ಇತ್ತು. ಅದನ್ನು ಅನುವಾದಿಸಿದವರು ಸಾಕ್ಷಾತ್ ಇವರೇ. ಆ ಹೆಮ್ಮೆಗೇ ಅದೇ ಕಾರನ್ನು ಕೊಂಡಿದ್ದರು. ಕಾವಲುಗಾರ ಪುಟ ತೆರೆದು ತಡವರಿಸುತ್ತಾ ಓದಿದ: "ಸಂಚಾರದಂಡದ ಪಾರ್ಶ್ವಸ್ಥ ಲಘು ಆಚ್ಛಾದನವನ್ನು ನಿವಾರಿಸಿ, ರಂಧ್ರದಲ್ಲಿ ಕೀಲಿಕೈಯನ್ನು ನಿವೇಶಿಸಿ, ಗತಿರೋಧಕವನ್ನು ಪಾದದಿಂದ ಪೀಡಿಸುತ್ತಾ ದಂಡವನ್ನು ತಟಸ್ಥಭಾವಕ್ಕೆ ಒಯ್ಯುವುದು." ತಲೆಯೆತ್ತಿ ಕೇಳಿದ, "ಇದು ಗಾಡಿ ಪುಸ್ತಕಾನಾ, ಶಾಪಾನಾ?"

ಅನುವಾದಕರಿಗೂ ಅರ್ಥವಾಗಲಿಲ್ಲ. ಆಚ್ಛಾದನ ಎಂದರೆ ಹೊದಿಕೆಯಲ್ಲವೇ ಎಂದು ಸೀಟಿನ ಕವರು ಕಿತ್ತರು. ಕಾವಲುಗಾರ ಪಾದದಿಂದ ಪೀಡಿಸುವ ಭಾಗವನ್ನು ತಾನು ವಹಿಸಿಕೊಂಡು ಟೈರಿಗೆ ನಾಲ್ಕು ಒದೆ ಕೊಟ್ಟ.

"ಬರೆದೋನು ಕೈಗೆ ಸಿಗಬೇಕು," ಎಂದ.

"ಸುಮ್ನೆ ಬಿಡಬಾರ್ದು ಅಂಥವನ್ನ," ಎಂದರು ಅನುವಾದಕರು.

ಕಣ್ಣಿಗೆ ಹನಿ ಹಾಕಿಸಿಕೊಂಡು ಎಲ್ಲವೂ ಮಸುಕಾಗಿ ಕಾಣುತ್ತಿದ್ದ ಹೆಂಡತಿ, ಗಂಡನ ಕಡೆಗೆ ಮಾತ್ರ ಸರಿಯಾಗಿಯೇ ತಿರುಗಿ ನೋಡಿದರು.

ಅಷ್ಟರಲ್ಲಿ ಆಂಬುಲೆನ್ಸ್ ಡ್ರೈವರ್ ಓಡಿ ಬಂದ. "ಗಾಡಿಯೊಳಗೆ ಅಜ್ಜ ಉಸಿರಿಗೆ ಒದ್ದಾಡ್ತಿದಾರೆ, ನೀವಿಲ್ಲಿ ಓದ್ತಾ ಕೂತಿದೀರಾ? ಜರುಗಿ." ಬ್ರೇಕ್ ತುಳಿದು, ಗೇರಿನ ಪಕ್ಕದ ಪುಟ್ಟ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ತೂತಿಗೆ ಕೀ ಒತ್ತಿ ಗೇರು ಎಳೆದ. ಬೆಣ್ಣೆಯಂತೆ ಜಾರಿತು. ಎಲ್ಲರೂ ಸೇರಿ ಕಾರನ್ನು ಬದಿಗೆ ತಳ್ಳಿದರು. ಅಜ್ಜ ಹೊತ್ತಿಗೆ ಸರಿಯಾಗಿ ಒಳಗೆ ಹೋಗಿ ಬದುಕಿಕೊಂಡರು.

ಕಾವಲುಗಾರನ ಸಿಟ್ಟು ಮಾತ್ರ ಇಳಿಯಲಿಲ್ಲ. "ಕಂಪನಿಗೆ ದೂರು ಕೊಡ್ತೀನಿ. ನಂಗೆ ಬರೆಯೋಕೆ ಬರಲ್ಲ, ನೀವೇ ಬರ್ಕೊಡಿ, ಕೆಳಗೆ ನನ್ನ ಹೆಸರು ಹಾಕಿ," ಎಂದು ತನ್ನ ಫೋನನ್ನು ಮುಂದೆ ಹಿಡಿದ. ಬೇಡವೆಂದರೆ ಗುಟ್ಟು ರಟ್ಟಾಗುತ್ತದೆ. ಅನುವಾದಕರು ಅವನು ಹೇಳಿದಂತೆಯೇ ತಮ್ಮನ್ನು ಬೈದು, ಮುಚ್ಚಳ ಎಬ್ಬಿಸುವುದು ಹೇಗೆ, ಕೀ ಒತ್ತುವುದು ಎಲ್ಲಿ ಎಂಬುದನ್ನು ಆರು ಸಾಲಿನಲ್ಲಿ ಬರೆದುಕೊಟ್ಟರು.

ಸಂಜೆ ಕಂಪನಿಯಿಂದ ಫೋನು ಬಂತು.

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಪುಸ್ತಕದ ಮೇಲೆ ದೂರು ಬಂದಿದೆ, ಒಬ್ರು ಆಸ್ಪತ್ರೆ ಕಾವಲುಗಾರರು ಕಳ್ಸಿದಾರೆ. ಎಂಥಾ ಭಾಷೆ ಸಾರ್ ಅವರದು, ಚಿಕ್ಕ ಮಗೂಗೂ ಅರ್ಥ ಆಗತ್ತೆ. ಮುಂದಿನ ಕಾರಿನ ಪುಸ್ತಕ ಅವರಿಗೇ ಕೊಡ್ತಾ ಇದೀವಿ. ಅವರೂ ಒಪ್ಪಿದಾರೆ."

ಅನುವಾದಕರು ಫೋನು ಕೆಳಗಿಟ್ಟರು.

"ಯಾರ್ರೀ ಅದು?" ಎಂದರು ಹೆಂಡತಿ.

"ಕಂಪನಿಯವ್ರು. ನನ್ನ ಬರವಣಿಗೆ ತುಂಬಾ ಹಿಡಿಸ್ತಂತೆ."